ಗಾಡಿ ನಿಲ್ಲುವ ಊರು

ಲೋಂಡಾ ದಾಟಿ, ತಿನೈಘಾಟ್ ದಾಟಿ, ಎರಡೂ ಕಡೆಯಿಂದ ಕಾಡು ಒತ್ತಿಕೊಂಡು ಬರುವ ಹೊತ್ತಿಗೆ ಗಾಡಿ ಸಣ್ಣದೊಂದು ಠೇಷನ್ನಿನಲ್ಲಿ ನಿಲ್ಲುತ್ತದೆ. ಎರಡು ನಿಮಿಷ ಆಗುತ್ತದೆ, ಐದಾಗುತ್ತದೆ, ಹೊರಡುವ ಸೂಚನೆಯೇ ಇರುವುದಿಲ್ಲ. ಗೋವಾಕ್ಕೆ ಹೊರಟ ಹುಡುಗರು ಬಾಗಿಲಲ್ಲಿ ನಿಂತು "ಕ್ರಾಸಿಂಗ್ ಇರಬೇಕು" ಅನ್ನುತ್ತಾರೆ. ಒಬ್ಬಿಬ್ಬರು ಇಳಿದು ಮಂಜಿನ ಫೋಟೊ ತೆಗೆಯುತ್ತಾರೆ. ಹಾರ್ನ್ ಕೇಳಿಸಿದೊಡನೆ ಓಡಿಬಂದು ಹತ್ತಿಕೊಳ್ಳುತ್ತಾರೆ. ಆಮೇಲೆ ಇಳಿಜಾರು ಶುರುವಾಗುತ್ತದೆ, ಬೊಗದೆಗಳು ಬರುತ್ತವೆ, ದೂಧಸಾಗರ ಕಾಣಿಸುತ್ತದೆ. ನಿಂತಿದ್ದ ಊರಿನ ಹೆಸರು ಅಷ್ಟರಲ್ಲಿ ಮರೆತಿರುತ್ತದೆ.

ಆ ಊರು ಕ್ಯಾಸಲ್‌ರಾಕ್. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕು. ಅದು ನನ್ನ ತಾಯಿಯ ತವರು.

ನಮ್ಮ ಮನೆಯಲ್ಲಿ ಆ ಊರಿನದು ಅಂತ ಉಳಿದಿರುವ ವಸ್ತು ಒಂದೇ, ಅಜ್ಜನ ಹಿತ್ತಾಳೆ ಬಿಲ್ಲೆ. ಅಂಗೈಯೊಳಗೆ ಹಿಡಿಯುವಷ್ಟು ದೊಡ್ಡದು, ಮೇಲ್ಗಡೆ ಎರಡು ತೂತು, ಅದರಲ್ಲಿ ದಾರ ಪೋಣಿಸಿ ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದರಂತೆ. ನಡುವೆ ಒಂದು ನಂಬರು. ಅದರ ಸುತ್ತ ಇದ್ದ ಕಂಪನಿಯ ಅಕ್ಷರಗಳು ಬೆವರಿಗೂ ಹುಣಸೆಹಣ್ಣಿನ ತಿಕ್ಕಾಟಕ್ಕೂ ಸವೆದು ಬರೀ ಉಬ್ಬುಗಳಾಗಿವೆ. ಅಜ್ಜ ಕ್ಯಾಸಲ್‌ರಾಕ್ ಠೇಷನ್ನಿನಲ್ಲಿ ಹಮಾಲಿ ಮಾಡಿದವನು. ದೊಡ್ಡ ಜಂಕ್ಷನ್ ಅಲ್ಲದ, ಪೇಟೆ ಅಲ್ಲದ, ಸುತ್ತ ಕಾಡಲ್ಲದೆ ಬೇರೇನೂ ಇಲ್ಲದ ಠೇಷನ್ನಿನಲ್ಲಿ ಹಮಾಲರಿಗೆ ಏನು ಕೆಲಸ? ಚಿಕ್ಕವಳಿದ್ದಾಗ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಹೊಳೆದಾಗ ಅಜ್ಜ ಇರಲಿಲ್ಲ. ಅವನು ಹೇಳಿದ ತುಂಡು ತುಂಡು ಮಾತುಗಳನ್ನು ಇತಿಹಾಸದ ಪಕ್ಕ ಇಟ್ಟು ನೋಡಿದಾಗ ಆ ಊರು ನನಗೆ ಬೇರೆಯಾಗಿಯೇ ಕಾಣತೊಡಗಿತು. ಬೇರೆ ಊರುಗಳು ಮೊದಲೇ ಇರುತ್ತವೆ, ಆಮೇಲೆ ಅಲ್ಲಿಗೆ ರೈಲು ಬರುತ್ತದೆ. ಕ್ಯಾಸಲ್‌ರಾಕ್ ಹಾಗಲ್ಲ. ಗಾಡಿ ಅಲ್ಲಿ ನಿಲ್ಲಲೇಬೇಕಾಗಿತ್ತು, ಅದಕ್ಕೇ ಅಲ್ಲೊಂದು ಊರಾಯಿತು.

ಯಾಕೆ ನಿಲ್ಲಬೇಕಾಗಿತ್ತು ಅನ್ನುವುದನ್ನು ಹೇಳಬೇಕಾದರೆ ಹತ್ತಿಯಿಂದ ಶುರುಮಾಡಬೇಕು.

1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಇಂಗ್ಲಿಷರ ಕಣ್ಣು ಧಾರವಾಡ ಸೀಮೆಯ ಎರೆಹೊಲಗಳ ಮೇಲೆ ಬಿತ್ತು. ಆ ಹತ್ತಿಯನ್ನು ಹಡಗಿಗೆ ಹತ್ತಿಸಲು ಹತ್ತಿರದ ಒಳ್ಳೆಯ ಬಂದರು ಕಾರವಾರ. ಅದಕ್ಕೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಒಂದು ಜಿಲ್ಲೆಯ ಆಡಳಿತವೇ ಹತ್ತಿಗಾಗಿ ಅತ್ತಿಂದಿತ್ತ ಆಯಿತು. ಘಟ್ಟದ ರಸ್ತೆಗಳನ್ನು ಸರಿಮಾಡಿದರು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕುವ ಮಾತೂ ನಡೆಯಿತು. ಕಾರವಾರ ಕಾಯುತ್ತ ಕುಳಿತಿತು.

ಕಾಯುತ್ತಿದ್ದಾಗ ರೈಲು ಬೇರೆ ದಿಕ್ಕಿಗೆ ತಿರುಗಿತು. 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಗೋವಾ ಮತ್ತು ಬ್ರಿಟಿಷ್ ಇಂಡಿಯಾ ನಡುವೆ ಸುಂಕದ ಗಡಿ ಇರಕೂಡದು, ಗೋವಾದ ಉಪ್ಪಿನ ಹಿಡಿತ ಬ್ರಿಟಿಷರಿಗೆ ಸಿಗಬೇಕು, ಪ್ರತಿಯಾಗಿ ಅವರು ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕು, ಮುರಗಾಂವ ಬಂದರಿನಿಂದ ಘಟ್ಟ ಹತ್ತಿ ಬರುವ ರೈಲು ಹಾಕಬೇಕು. ಗೋವಾದ ಕಡೆಯ ಕೆಲಸಕ್ಕೆ 1881ರಲ್ಲಿ ಲಂಡನ್ನಿನಲ್ಲಿ ಕಂಪನಿಯೊಂದು ಹುಟ್ಟಿತು, ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ. ಬಂಡವಾಳ ಹಾಕಿದವರಿಗೆ ಬಡ್ಡಿಯ ಖಾತರಿ ಕೊಟ್ಟದ್ದು ಪೋರ್ಚುಗೀಸ್ ಸರ್ಕಾರ. ಗೋವಾದ ಉಪ್ಪಿನ ಗದ್ದೆಗಳವರು ಕಳೆದುಕೊಂಡ ಬಾಳಿಗೂ ಈ ಹಳಿಗೂ ಹೀಗೆ ನೇರ ಸಂಬಂಧವಿದೆ. ದೂಧಸಾಗರದ ಸೇತುವೆಯ ಚೆಂದ ನೋಡುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಘಟ್ಟದ ಮೇಲಿನ ಪಾಲು ಸದರ್ನ್ ಮರಾಠಾ ರೈಲ್ವೆಯದು. 1876ರಿಂದ 78ರವರೆಗೆ ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಯಲ್ಲಿ ಬಿದ್ದ ಭೀಕರ ಬರದ ಬೆನ್ನಿಗೆ ಹುಟ್ಟಿದ ಕಂಪನಿ ಅದು. ಬರ ಬಂದಲ್ಲಿಗೆ ಕಾಳು ಸಾಗಿಸಲು ಹಳಿ ಇರಲಿಲ್ಲ ಅನ್ನುವ ಪಾಠ ಲಕ್ಷಾಂತರ ಜನ ಸತ್ತ ಮೇಲೆ ಸರ್ಕಾರಕ್ಕೆ ತಿಳಿದಿತ್ತು. 1880ರ ದಶಕದಲ್ಲಿ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ಅಂತ ಮೀಟರ್‌ಗೇಜ್ ಹಳಿ ಪಶ್ಚಿಮಕ್ಕೆ ಸರಿಯುತ್ತ ಬಂತು. ಕೆಳಗಿನಿಂದ ಪೋರ್ಚುಗೀಸರ ಹಳಿ ಏರುತ್ತ ಬಂತು. 1888ರಲ್ಲಿ ಎರಡೂ ಕೂಡಿದವು. ಕೂಡಿದ ಜಾಗ ಕ್ಯಾಸಲ್‌ರಾಕ್.

ಹತ್ತಿ ಮುರಗಾಂವದ ದಾರಿ ಹಿಡಿಯಿತು. ಕಾರವಾರದ ವ್ಯಾಪಾರ ಬತ್ತುತ್ತ ಹೋಯಿತು. ಹುಬ್ಬಳ್ಳಿ ಅಂಕೋಲಾ ಹಳಿಯ ವಿಚಾರ ಬಂದಾಗೆಲ್ಲ ಕರಾವಳಿಯ ಜನರ ಮಾತಿನಲ್ಲಿ ಒಂದು ಹಳೆಯ ನೋವು ಇಣುಕುತ್ತದೆ. ತೊಂಬತ್ತರ ದಶಕದಲ್ಲಿ ಮಂಜೂರಾದ ಆ ಯೋಜನೆ ಕಾಡು, ಕೋರ್ಟು ಅಂತ ಇನ್ನೂ ಕಡಲು ಮುಟ್ಟಿಲ್ಲ. ಕಾರವಾರದವರು ನಿಜಕ್ಕೂ ಕಾಯುತ್ತಿರುವುದು ಅಲ್ಲಿಂದೀಚೆಗೆ ಅಲ್ಲ, 1860ರ ದಶಕದಿಂದ. ನನ್ನ ತಾಯಿಯ ಊರು ಹುಟ್ಟಿದ್ದು ಅವರಿಗೆ ತಪ್ಪಿದ ರೈಲಿನಿಂದ. ಇದನ್ನು ತಿಳಿದ ಮೇಲೆ ಕಾರವಾರದ ಗೆಳತಿಯ ಮುಂದೆ ಕ್ಯಾಸಲ್‌ರಾಕ್‌ನ ಹೆಮ್ಮೆ ಹೇಳಿಕೊಳ್ಳುವಾಗ ನನ್ನ ದನಿ ಸ್ವಲ್ಪ ಇಳಿಯುತ್ತದೆ.

ಇದರೊಳಗೊಂದು ವಿಚಿತ್ರವಿದೆ. ಆ ರೈಲನ್ನು ಹಾಕಿದ್ದು ಗಡಿಯಲ್ಲಿ ಸುಂಕ ಇಲ್ಲ ಅನ್ನುವ ಲೆಕ್ಕದ ಮೇಲೆ. ಒಪ್ಪಂದದ ಆಯುಷ್ಯ ಮಾತ್ರ ಜಾರಿಗೆ ಬಂದ 1880ರ ಜನವರಿಯಿಂದ ಹನ್ನೆರಡೇ ವರ್ಷ. 1892ರ ಜನವರಿಗೆ ಅದು ಮುಗಿಯಿತು, ಮುಂದುವರಿಸಲಿಲ್ಲ. ಹಳಿಗಳು ಕೂಡಿ ನಾಲ್ಕು ವರ್ಷವಾಗುವಷ್ಟರಲ್ಲಿ ನಡುವೆ ಮತ್ತೆ ಸುಂಕದ ಗೆರೆ ಬಂತು. ಗೆರೆಯ ಆಚೆ ಘಟ್ಟದ ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ, ಈಚೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರದು. ಬರೀ ಎಂಜಿನ್ನಿಗೆ ನೀರು ಕುಡಿಸಿ ಮುಂದೆ ಹೋಗಬೇಕಾಗಿದ್ದ ಠೇಷನ್ನಿಗೆ ಕಸ್ಟಮ್ಸ್ ಬಂತು, ಅದರ ಬೆನ್ನಿಗೆ ಪೊಲೀಸರು, ಗುಮಾಸ್ತರು, ಕ್ವಾರ್ಟರ್ಸು, ಚಹಾದಂಗಡಿ, ಹಮಾಲರು ಬಂದರು. 1902ರಿಂದ ಪೋರ್ಚುಗೀಸ್ ಹಳಿಯ ಮೇಲೆ ಗಾಡಿ ಓಡಿಸುವ ಹೊಣೆಯನ್ನೂ ಸದರ್ನ್ ಮರಾಠಾದವರೇ ವಹಿಸಿಕೊಂಡರು. 1908ರಲ್ಲಿ ಆ ಕಂಪನಿ ಮದರಾಸ್ ರೈಲ್ವೆಯ ಜೊತೆ ಸೇರಿತು. ಓಡಿಸುವವರು ಒಂದೇ ಕಂಪನಿಯವರು, ಗಾಡಿ ಒಂದೇ, ಹಳಿ ಒಂದೇ. ಆದರೂ ಗಡಿಯಲ್ಲಿ ಎಲ್ಲರೂ ಪೆಟ್ಟಿಗೆ ಬಿಚ್ಚಿ ತೋರಿಸಬೇಕು.

ಅಜ್ಜನ ಕೆಲಸ ಇದ್ದದ್ದು ಆ ಪೆಟ್ಟಿಗೆಗಳಲ್ಲಿ. ಮುಂಬಯಿಯಲ್ಲಿ ದುಡಿಯುತ್ತಿದ್ದ ಗೋವಾದ ಜನ ಪುಣೆ, ಬೆಳಗಾವಿ, ಲೋಂಡಾ ಹಾದು ಈ ದಾರಿಯಲ್ಲೇ ಊರಿಗೆ ಹೋಗುತ್ತಿದ್ದರು. ಅಡಿಗೆಯವರು, ಬ್ಯಾಂಡಿನವರು, ಆಯಾಗಳು, ಹಡಗಿನ ಕೆಲಸದವರು. ತಗಡಿನ ಟ್ರಂಕು, ಹಾಸಿಗೆ ಸುರುಳಿ, ಬುಟ್ಟಿ ಎಲ್ಲ ಇಳಿಸಬೇಕು, ಸಾಲಾಗಿ ಇಡಬೇಕು, ಬೀಗ ತೆಗೆಸಬೇಕು, ಸಾಹೇಬ ಕೈ ಆಡಿಸಿ ನೋಡಿದ ಮೇಲೆ ಮತ್ತೆ ಹತ್ತಿಸಬೇಕು. ಮಳೆಗಾಲದಲ್ಲಂತೂ ಪೆಟ್ಟಿಗೆಯ ಮುಚ್ಚಳ ತೆಗೆದಲ್ಲಿ ಒಳಗಿನದೆಲ್ಲ ಹಸಿ. ಅಮ್ಮ ಒಂದು ಮಾತು ಈಗಲೂ ಹೇಳುತ್ತಾಳೆ. ಒಬ್ಬ ಹೆಂಗಸು ಮಗಳ ಮದುವೆಗೆಂದು ಒಯ್ಯುತ್ತಿದ್ದ ಬಿಳಿ ಬಟ್ಟೆಯನ್ನು ತಪಾಸಣೆಯವರು ಹೊರಗೆ ಹಾಕಿದಾಗ ಅಜ್ಜ ತನ್ನ ತಲೆಯ ರುಮಾಲು ಬಿಚ್ಚಿ ಅದರ ಮೇಲೆ ಹೊದಿಸಿ ನಿಂತಿದ್ದನಂತೆ. ಆಕೆ ಕೊಟ್ಟ ಆಣೆಯನ್ನು ತೆಗೆದುಕೊಳ್ಳಲಿಲ್ಲವಂತೆ. ಅಜ್ಜಿ ಅದಕ್ಕಾಗಿ ಸಿಟ್ಟು ಮಾಡಿದ್ದಳಂತೆ. ಅದೂ ನ್ಯಾಯವೇ, ಮನೆಯಲ್ಲಿ ಐದು ಹೊಟ್ಟೆ ಇದ್ದವು.

1947ರಲ್ಲಿ ಇಲ್ಲಿ ಸ್ವಾತಂತ್ರ್ಯ ಬಂತು, ಗೋವಾಕ್ಕೆ ಬರಲಿಲ್ಲ. ಕ್ಯಾಸಲ್‌ರಾಕ್ ಈಗ ಎರಡು ಸಾಮ್ರಾಜ್ಯಗಳ ನಡುವಿನ ಬಾಗಿಲಾಗಿ ಉಳಿಯಲಿಲ್ಲ, ಒಂದು ದೇಶ ಮತ್ತು ಅದು ತನ್ನದೆಂದು ಕೇಳುತ್ತಿದ್ದ ನೆಲದ ನಡುವಿನ ಬಾಗಿಲಾಯಿತು. ತಪಾಸಣೆ ಬಿಗಿಯಾಯಿತು. ಅಲ್ಲಿಂದ ವಾಚು, ದಾರು, ಚಿನ್ನ ಕದ್ದು ತರುವವರ ಕಥೆಗಳೂ ಹೆಚ್ಚಾದವು. 1955ರ ಆಗಸ್ಟ್ 15ರಂದು ದೇಶದ ನಾನಾ ಕಡೆಯಿಂದ ಬಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವಾದ ಗಡಿ ದಾಟಿದರು. ಕ್ಯಾಸಲ್‌ರಾಕ್ ಕಡೆಯಿಂದ ಹಳಿಗುಂಟ ನಡೆದವರೂ ಅವರಲ್ಲಿದ್ದರು. ಪೋರ್ಚುಗೀಸರು ಗುಂಡು ಹಾರಿಸಿದರು. ಆ ಒಂದೇ ದಿನ ಗಡಿಯುದ್ದಕ್ಕೂ 20ಕ್ಕಿಂತ ಹೆಚ್ಚು ಜನ ಪ್ರಾಣ ಬಿಟ್ಟರು. ಭಾರತ ಸರ್ಕಾರ ಗೋವಾದ ಸಂಪರ್ಕವನ್ನೆಲ್ಲ ಕಡಿಯಿತು. ರೈಲೂ ನಿಂತಿತು.

ಅದು ದೊಡ್ಡ ಇತಿಹಾಸ, ಶಾಲೆಯ ಪುಸ್ತಕದಲ್ಲೂ ಒಂದೆರಡು ಸಾಲು ಸಿಗುತ್ತದೆ. ಠೇಷನ್ನಿನ ಹಮಾಲರ ಪಾಲಿಗೆ ಆ ದಿನದ ಅರ್ಥ ಬೇರೆ. ಕೆಳಗಿನಿಂದ ಗಾಡಿ ಬರುವುದಿಲ್ಲ ಅಂದ ಮೇಲೆ ಇಳಿಸಲು ಪೆಟ್ಟಿಗೆ ಇಲ್ಲ. ಅಜ್ಜ ಕೆಲವು ದಿನ ಬಿಲ್ಲೆ ಕಟ್ಟಿಕೊಂಡು ಠೇಷನ್ನಿಗೆ ಹೋಗಿ ಕೂತು ಬರುತ್ತಿದ್ದನಂತೆ. ಆಮೇಲೆ ಲೋಂಡಾಕ್ಕೆ ಹೋಗಿ ಕಟ್ಟಿಗೆ ಅಡ್ಡೆಯಲ್ಲಿ ನಾಟಾ ಹೊತ್ತ. ಗೋವಾ ನಮ್ಮದಾಗಬೇಕು ಅನ್ನುವುದರಲ್ಲಿ ಅವನಿಗೆ ಎರಡು ಮಾತಿರಲಿಲ್ಲ. ಸತ್ಯಾಗ್ರಹಿಗಳಿಗೆ ತನ್ನ ಕೈಯಾರೆ ನೀರು ಕೊಟ್ಟಿದ್ದನ್ನು ಸಾಯುವತನಕ ಹೇಳುತ್ತಿದ್ದ. ಕೆಲಸ ಹೋದದ್ದನ್ನು ಮಾತ್ರ ಯಾವತ್ತೂ ಒಂದು ದೂರಿನ ಹಾಗೆ ಹೇಳಲಿಲ್ಲ. ನನಗೆ ಅವನ ಮೇಲಿನ ಗೌರವ ಹೆಚ್ಚುವುದು ಅಲ್ಲೇ.

1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯಿತು. ಹಳಿ ಮತ್ತೆ ಜೀವ ತಳೆಯಿತು, ಪೋರ್ಚುಗೀಸ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಗಾಡಿಗಳು ಬಂದವು, ಪೆಟ್ಟಿಗೆಗಳು ಬಂದವು, ಆದರೆ ಯಾರೂ ಅವನ್ನು ಇಳಿಸಬೇಕಾಗಿರಲಿಲ್ಲ. ಗಡಿಯೇ ಇಲ್ಲ ಅಂದಮೇಲೆ ತಪಾಸಣೆ ಯಾತರದು? ದೇಶಕ್ಕೆಲ್ಲ ಸಂತೋಷವಾದ ಆ ವರ್ಷ ಕ್ಯಾಸಲ್‌ರಾಕ್ ತನ್ನ ಹುಟ್ಟಿನ ಅರ್ಧ ಕಾರಣವನ್ನು ಕಳೆದುಕೊಂಡಿತು.

ಉಳಿದ ಅರ್ಧ ಘಟ್ಟ. ಅದನ್ನು ಯಾವ ಸರ್ಕಾರವೂ ತೆಗೆಯಲಾರದು.

ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ 26 ಕಿಲೋಮೀಟರು. ಕಡಿದಾದ ಕಡೆ 37 ಅಡಿ ಮುಂದೆ ಹೋದರೆ ಒಂದಡಿ ಇಳಿತ. ಬಸ್ಸಿನಲ್ಲಿ ಘಟ್ಟ ಇಳಿದವರಿಗೆ ಇದು ಏನೂ ಅನ್ನಿಸಲಿಕ್ಕಿಲ್ಲ. ರೈಲಿನದು ಉಕ್ಕಿನ ಮೇಲೆ ಉಕ್ಕು, ಹಿಡಿತ ಕಡಿಮೆ, ಭಾರ ಸಾವಿರಾರು ಟನ್ನು. ಏರುವಾಗ ಮುಂದಿನ ಎಂಜಿನ್ನು ಎಳೆದರೆ ಸಾಲದು, ಕುಳೆಂನಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ಹಚ್ಚಿ ನೂಕಬೇಕು. ಆ ಬ್ಯಾಂಕರುಗಳನ್ನು ಕಳಚುವುದು ಕ್ಯಾಸಲ್‌ರಾಕ್‌ನಲ್ಲಿ. ಇಳಿಯುವಾಗಿನ ಭಯವೇ ಬೇರೆ. ಗಾಡಿ ಕೈಮೀರಿ ಓಡತೊಡಗಿದರೆ ತಿರುಗಿಸಿಕೊಳ್ಳಲು ಕರಂಜೋಳ, ದೂಧಸಾಗರ, ಸೋನಾವಳಿ ಠೇಷನ್ನುಗಳಲ್ಲಿ ಗುಡ್ಡದ ಕಡೆ ಏರುವ ಕ್ಯಾಚ್ ಸೈಡಿಂಗ್ ಇಟ್ಟಿದ್ದಾರೆ. ಅಲ್ಲಿಗೆ ಬರುವ ಪ್ರಸಂಗ ಬರಬಾರದು ಅಂತಲೇ ಕ್ಯಾಸಲ್‌ರಾಕ್‌ನಲ್ಲಿ ಗಾಡಿ ನಿಲ್ಲಿಸಿ ಬ್ರೇಕ್ ನೋಡುವುದು. ಇಬ್ಬರು ಗಾಡಿಯ ಎರಡೂ ಬದಿಗೆ ಕೊನೆಯತನಕ ನಡೆಯುತ್ತಾರೆ. ಡ್ರೈವರ್ ಬ್ರೇಕ್ ಹಾಕಿದಾಗ ಒಂದೊಂದು ಗಾಲಿಗೂ ಬ್ಲಾಕು ಕಚ್ಚಿಕೊಂಡಿತೋ ಇಲ್ಲವೋ ಬಗ್ಗಿ ನೋಡುತ್ತಾರೆ. ಬಿಟ್ಟಾಗ ಬಿಟ್ಟಿತೋ ಅಂತ ಮತ್ತೆ ನೋಡುತ್ತಾರೆ. ಎಲ್ಲ ಸರಿ ಇದ್ದರೆ ಕಾಗದಕ್ಕೆ ಸಹಿ. ಬಾಗಿಲಲ್ಲಿ ನಿಂತ ಹುಡುಗರು ಕ್ರಾಸಿಂಗ್ ಅಂದುಕೊಳ್ಳುವ ಆ ಹತ್ತು ನಿಮಿಷ ನಡೆಯುವುದು ಇದು.

ನನ್ನ ಸೋದರಮಾವ ಸೇರಿದ್ದು ಈ ಘಟ್ಟದ ಕೆಲಸಕ್ಕೆ. ಎಪ್ಪತ್ತರ ದಶಕದ ಆರಂಭದಲ್ಲಿ ಗ್ಯಾಂಗ್‌ಮನ್ ಆಗಿ ಸೇರಿದ, ಮುಂದೆ ಕೀಮನ್ ಆದ. ಸೂಟಿಗೆ ಅಜ್ಜನ ಮನೆಗೆ ಹೋದಾಗ ಅವನು ಬೆಳಿಗ್ಗೆ ಹೆಗಲ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ, ಕೈಯಲ್ಲಿ ಕೆಂಪು ಬಾವುಟ ಹಿಡಿದು ಹೊರಡುವುದನ್ನು ನೋಡುತ್ತಿದ್ದೆ. ಹಳಿಯನ್ನು ಸ್ಲೀಪರಿಗೆ ಹಿಡಿದಿಟ್ಟ ಕೀಲಿಗಳು ಗಾಡಿ ಓಡಾಡಿ ಸಡಿಲಾಗಿರುತ್ತವೆ. ಒಂದೊಂದನ್ನೂ ನೋಡಿ ಬಡಿಯುತ್ತ ಹೋಗಬೇಕು. ಬಿಗಿಯಾದ ಕೀಲಿಯ ಸಪ್ಪಳ ಬೇರೆ, ಸಡಿಲಾದ್ದರ ಸಪ್ಪಳ ಬೇರೆ. ಮಾಮಾ ನೋಡುತ್ತಿರಲಿಲ್ಲ, ಕೇಳುತ್ತಿದ್ದ.

ಅವನ ನಿಜವಾದ ಕೆಲಸ ಮಳೆಗಾಲದ್ದು. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಕ್ಯಾಸಲ್‌ರಾಕ್ ಒಂದು. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಮನೆಯೊಳಗೆ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಬಟ್ಟೆ ಒಣಗಬೇಕು. ರಾತ್ರಿ ಹಳಿಯ ಮೇಲೆ ಗಸ್ತು. ಕೈದೀಪ, ಕೊಡೆಯ ಬದಲು ಕಂಬಳಿಗೊಪ್ಪೆ, ಜೋಳಿಗೆಯಲ್ಲಿ ಪಟಾಕಿ. ಪಟಾಕಿ ಅಂದರೆ ಹಬ್ಬದ್ದಲ್ಲ, ಹಳಿಗೆ ಕಟ್ಟಿದರೆ ಗಾಲಿ ಹತ್ತಿದೊಡನೆ ಸಿಡಿದು ಡ್ರೈವರನನ್ನು ಎಚ್ಚರಿಸುವಂಥದು. ಈ ಕಡೆಯಿಂದ ಒಬ್ಬ, ಆ ಕಡೆಯಿಂದ ಒಬ್ಬ ಹೊರಡಬೇಕು. ನಡುವೆ ಎದುರಾದಲ್ಲಿ ತಮ್ಮ ಗಸ್ತಿನ ಪುಸ್ತಕ ಅದಲುಬದಲು ಮಾಡಿಕೊಂಡು ಹಿಂದಿರುಗಬೇಕು. ಪುಸ್ತಕ ಬದಲಾಗದಿದ್ದರೆ ಯಾರೋ ಒಬ್ಬ ನಡೆದಿಲ್ಲ ಅಂತ ಲೆಕ್ಕ. "ಆ ಕತ್ತಲಾಗ ಎದರಿಗಿ ಒಂದು ದೀಪಾ ಅಳ್ಳಾಡಿಕೋತ ಬರೂದು ಕಂಡ್ರ ದೇವರು ಬಂದಂಗ ಅನಸ್ತಿತ್ತು ನೋಡವಾ" ಅನ್ನುತ್ತಾನೆ ಮಾಮಾ.

ಗುಡ್ಡ ಕುಸಿಯುವುದು ಮೊದಲೇ ಹೇಗೆ ಗೊತ್ತಾಗುತ್ತಿತ್ತು ಅಂತ ಒಮ್ಮೆ ಕೇಳಿದೆ. ಅವನು ತಟ್ಟೆಯಲ್ಲಿದ್ದ ಚಹಾ ತೋರಿಸಿದ. ಹಳಿಯ ಪಕ್ಕದ ಗಟಾರದಲ್ಲಿ ನೀರು ಎಷ್ಟೇ ಜೋರಾಗಿ ಹರಿಯಲಿ, ತಿಳಿಯಾಗಿದ್ದರೆ ಹೆದರಿಕೆ ಇಲ್ಲ. ಅದು ಚಹಾದ ಬಣ್ಣಕ್ಕೆ ತಿರುಗಿತೆಂದರೆ ಮೇಲೆ ಎಲ್ಲೋ ಮಣ್ಣು ಬಿಡುತ್ತಿದೆ ಅಂತ ಅರ್ಥ. ಇದ್ದಕ್ಕಿದ್ದಂತೆ ನೀರು ಕಡಿಮೆಯಾದರೆ ಇನ್ನೂ ಕೆಟ್ಟದ್ದು, ಮೇಲೆ ಏನೋ ಬಿದ್ದು ನೀರಿಗೆ ಅಡ್ಡ ಕಟ್ಟಿಕೊಂಡಿದೆ. "ಗುಡ್ಡಾ ಮಾತಾಡತೈತಿ, ನೀರಿನ ಕೈಲೆ ಹೇಳಿ ಕಳಸತೈತಿ." ಎರಡು ಸಲ ಅವನು ಪಟಾಕಿ ಕಟ್ಟಿ ಗಾಡಿ ನಿಲ್ಲಿಸಿದ್ದಾನೆ. ಒಮ್ಮೆ ಹಳಿಯ ಮೇಲೆ ಬಂಡೆ ಇತ್ತು. ಇನ್ನೊಮ್ಮೆ ಏನೂ ಇರಲಿಲ್ಲ, ಗಾಡಿ ಮುಕ್ಕಾಲು ತಾಸು ತಡವಾಯಿತು, ಮೇಲಿನವರೊಬ್ಬರು ಎಲ್ಲರೆದುರು ಬೈದರು. ಆ ಎರಡನೆಯದನ್ನೇ ಅವನು ಹೆಚ್ಚು ಸಲ ಹೇಳುತ್ತಾನೆ, ತಾನು ಮಾಡಿದ್ದು ಸರಿಯೇ ಇತ್ತು ಅನ್ನುವ ದನಿಯಲ್ಲಿ. ಸರಿಯೇ ಇತ್ತು. ನೀರು ಕೆಂಪಾಗಿತ್ತು, ಗುಡ್ಡ ಅವತ್ತು ಬೀಳಲಿಲ್ಲ, ಅಷ್ಟೇ.

ತೊಂಬತ್ತರ ದಶಕದಲ್ಲಿ ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಹಾಕಿದರು. ಒಂದು ಮೀಟರಿನ ಹಳಿ 1,676 ಮಿಲಿಮೀಟರ್ ಆಯಿತು. ಬೊಗದೆಗಳನ್ನು ಅಗಲಿಸಬೇಕಾಯಿತು, ತಿರುವುಗಳನ್ನು ಸರಿಮಾಡಬೇಕಾಯಿತು. ಇಂಗ್ಲಿಷರ ಕಾಲದಲ್ಲಿ ಮೊದಲ ಸಲ ಆ ಗುಡ್ಡ ಕೊರೆದವರ ಹೆಸರು ಎಲ್ಲೂ ಉಳಿದಿಲ್ಲ. ಎರಡನೆಯ ಸಲ ಅಗಲಿಸಿದವರಲ್ಲಿ ನನ್ನ ಮಾವನಂಥವರ ಕೈಯೂ ಇತ್ತು ಅನ್ನುವುದಾದರೂ ಇಲ್ಲಿ ಬರೆದಿರಲಿ ಅನ್ನುವ ಆಸೆ ನನಗೆ.

ಬ್ರಾಡ್‌ಗೇಜ್ ಆದ ಮೇಲೆ ಸರಕಿನ ದಿಕ್ಕೂ ತಿರುಗಿತು. ಹಿಂದೆ ಹತ್ತಿ ಇಳಿದು ಹೋಗುತ್ತಿತ್ತು. ಆಮೇಲೆ ಹೊಸಪೇಟೆಯ ಅದಿರು ಇಳಿದು ಹೋಗುತ್ತಿತ್ತು. ಈಗ ಹೊರದೇಶದ ಕಲ್ಲಿದ್ದಲು ಮುರಗಾಂವದಲ್ಲಿ ಇಳಿದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆಂದು ಘಟ್ಟ ಏರಿ ಬರುತ್ತದೆ. ಭಾರದ ರೇಕುಗಳು, ಹಿಂದೆ ಮುಂದೆ ಹಲವು ಎಂಜಿನ್ನುಗಳು. ಇನ್ನೊಂದು ಹಳಿ ಹಾಕಬೇಕು ಅಂತ ಯೋಜನೆ ಆಯಿತು. ಗೋವಾದ ಹಳ್ಳಿಗಳು ಕಲ್ಲಿದ್ದಲಿನ ದೂಳಿಗೆ ಹೆದರಿ ಬೀದಿಗಿಳಿದವು, 2020ರ ನವೆಂಬರಿನಲ್ಲಿ ಚಾಂದೋರದಲ್ಲಿ ಜನ ರಾತ್ರಿ ಹಳಿಯ ಮೇಲೆ ಕೂತರು. ಕ್ಯಾಸಲ್‌ರಾಕ್ ಕುಳೆಂ ನಡುವಿನ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಘಟ್ಟದ ಮೇಲೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕೆಳಗೆ ಭಗವಾನ್ ಮಹಾವೀರ ಅಭಯಾರಣ್ಯ.

ರೈಲ್ವೆ ಮನೆತನದವಳಾಗಿ ನಾನು ಹಳಿಯ ಪರ ಇರಬೇಕೆಂದು ಕೆಲವರು ಅಂದುಕೊಳ್ಳುತ್ತಾರೆ. ನನ್ನ ಮನಸ್ಸು ಕೋರ್ಟಿನ ಕಡೆಗೇ ಇದೆ. 2021ರ ಜುಲೈ 23ರಂದು ದೂಧಸಾಗರ ಮತ್ತು ಸೋನಾವಳಿ ನಡುವೆ ಗುಡ್ಡ ಜಾರಿ ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಗಾಡಿ ಹಳಿ ತಪ್ಪಿತು. ಕೊಂಕಣದಲ್ಲಿ ಮಳೆ ಅಂತ ಈ ದಾರಿಗೆ ತಿರುಗಿಸಿದ್ದ ಗಾಡಿ ಅದು. ಪ್ರಾಣಹಾನಿ ಆಗಲಿಲ್ಲ. 2024ರ ಆಗಸ್ಟ್ 9ಕ್ಕೆ ಅದೇ ಎರಡು ಠೇಷನ್ನುಗಳ ನಡುವೆ ಕಲ್ಲಿದ್ದಲಿನ ಗಾಡಿಯ 17 ವ್ಯಾಗನ್ನು ಹಳಿ ಬಿಟ್ಟವು. ಎರಡೂ ಸಲ ಮಾಮಾ ಟೀವಿಯ ಮುಂದಿಂದ ಏಳಲಿಲ್ಲ. "ಒಂದು ಹಳೀನ ಅಂವಾ ಹೊತಗೊಂಡು ನಿಂತಾನ. ಇನ್ನೊಂದಕ್ಕ ಹೆಗಲ ಎಲ್ಲೈತಿ ಅಂವಗ?" ಅಂದ. ಅವನ ಬಾಯಲ್ಲಿ ಗುಡ್ಡ ಯಾವಾಗಲೂ 'ಅಂವಾ'.

ಹೋದ ಜುಲೈನಲ್ಲಿ ನಾನು ಕ್ಯಾಸಲ್‌ರಾಕ್‌ಗೆ ಹೋಗಿದ್ದೆ. ತುಂಬ ವರ್ಷಗಳಾಗಿತ್ತು. ಅಜ್ಜನ ಮನೆ ಈಗಿಲ್ಲ, ನಿವೃತ್ತಿಯಾದ ಮೇಲೆ ಮಾಮಾ ಲೋಂಡಾಕ್ಕೆ ಬಂದುಬಿಟ್ಟ. ಖಾಲಿ ಕ್ವಾರ್ಟರ್ಸುಗಳ ಗೋಡೆಯಲ್ಲಿ ಆಲ, ಅರಳಿ ಬೇರುಬಿಟ್ಟಿದ್ದವು. ಪೇಟೆ ಅನ್ನುವಂಥದ್ದು ನಾಲ್ಕಾರು ಅಂಗಡಿ. ಒಬ್ಬಾಕೆ ಗೆಡ್ಡೆ ಗೆಣಸು ಹರವಿಕೊಂಡು ಕೂತಿದ್ದಳು. ಕನ್ನಡದಲ್ಲಿ ಕೇಳಿದೆ, ಕೊಂಕಣಿಯಲ್ಲಿ ಹೇಳಿದಳು, ಇಬ್ಬರಿಗೂ ತಿಳಿಯಿತು. ಹಳಿಗುಂಟ ದೂಧಸಾಗರಕ್ಕೆ ನಡೆದುಹೋಗುವುದನ್ನು ರೈಲ್ವೆಯವರು ನಿಷೇಧಿಸಿದ್ದಾರೆ, ಆ ಬೋರ್ಡಿನ ಕೆಳಗೇ ಬೆನ್ನಚೀಲದ ಹುಡುಗರ ಗುಂಪೊಂದು ಪೊಲೀಸರ ಜೊತೆ ವಾದ ಮಾಡುತ್ತಿತ್ತು. ಪೊಲೀಸರು ಬಿಡಲಿಲ್ಲ, ನನಗೆ ಸಮಾಧಾನವಾಯಿತು. ಬೊಗದೆಯೊಳಗೆ ಗಾಡಿ ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲುವುದು ಹೇಗೆಂದು ಮಾಮಾ ತೋರಿಸಿಕೊಟ್ಟಿದ್ದಾನೆ. ಅದು ಆಟವಲ್ಲ.

ಅಜ್ಜನ ಬಿಲ್ಲೆಯನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕೈಯಲ್ಲಿ ಹಿಡಿದುಕೊಂಡೆ. ಪೆಟ್ಟಿಗೆಗಳ ಸಾಲು ಎಲ್ಲಿರುತ್ತಿತ್ತು, ಆ ಬಿಳಿ ಬಟ್ಟೆಯ ಹೆಂಗಸು ಎಲ್ಲಿ ನಿಂತಿದ್ದಳು ಅಂತ ಅಂದಾಜು ಮಾಡತೊಡಗಿದೆ. ಕೆಳಗಿನಿಂದ ಕಲ್ಲಿದ್ದಲಿನ ಗಾಡಿ ಏರಿ ಬಂತು. ಅದು ಕಾಣುವುದಕ್ಕಿಂತ ಎಷ್ಟೋ ಮೊದಲು ನೆಲದಲ್ಲಿ ಗೊತ್ತಾಗುತ್ತದೆ, ಬೆಂಚಿನ ಕಾಲು ಸಣ್ಣಗೆ ನಡುಗುತ್ತದೆ. ಮುಂದಿನ ಎಂಜಿನ್ನುಗಳು ದಾಟಿದವು, ಮಳೆಯಲ್ಲಿ ತೊಯ್ದ ಕಪ್ಪು ವ್ಯಾಗನ್ನುಗಳು ದಾಟಿದವು, ಕೊನೆಗೆ ನೂಕುತ್ತ ಬಂದ ಬ್ಯಾಂಕರುಗಳು ಬಂದು ನಿಂತವು. ರೇನ್‌ಕೋಟು ತೊಟ್ಟ ಹುಡುಗನೊಬ್ಬ ಎರಡರ ನಡುವೆ ಬಗ್ಗಿ ಹೋಸ್‌ಪೈಪು ಬಿಡಿಸಿದ. ಗಾಳಿ ಬುಸ್ಸೆಂದು ಹೊರಬಿತ್ತು. ಕೊಂಡಿ ಕಳಚಿ ಅವನು ಹೊರಗೆ ಬಂದು ಕೈ ಮೇಲೆತ್ತಿದ. ಒಂದು ಕ್ಷಣ ಮಳೆಯ ಸಪ್ಪಳವಲ್ಲದೆ ಬೇರೇನೂ ಇರಲಿಲ್ಲ.

ಸಂಜೆ ಲೋಂಡಾದಲ್ಲಿ ಮಾಮಾನ ಮನೆಗೆ ಹೋದೆ. ಅತ್ತೆ ಬಿಸಿ ಅನ್ನ, ಬಂಗಡೆ ಸಾರು ಬಡಿಸಿದಳು. ಮಾಮಾ ಈಗ ಕಿವಿ ಸ್ವಲ್ಪ ಮಂದ, ಹತ್ತಿರ ಕೂತು ಮಾತಾಡಬೇಕು. ಊರು ಹೇಗಿದೆ ಅಂತ ಅವನು ಕೇಳಲಿಲ್ಲ.

"ನಿಮ್ಮ ಮುಂದ ಇಳಿಯೂ ಗಾಡಿ ಬಂತೇನವಾ?"

"ಬಂತು ಮಾಮಾ. ಪ್ಯಾಸೆಂಜರ ಗಾಡಿ."

"ಎಷ್ಟೊತ್ತು ನಿಂತಿತ್ತು?"

"ಹತ್ತ ಹನ್ನೆರಡ ನಿಮಿಷ ಆಗಿರಬೇಕು."

"ಎರಡೂ ಬಾಜೂ ನಡದ ನೋಡಿದ್ರೇನ, ಕಡೀತನಕಾ?"

"ನೋಡಿದ್ರು."

"ಮಳ್ಯಾಗ?"

"ಮಳ್ಯಾಗನ ನೋಡಿದ್ರು ಮಾಮಾ."

ಅವನು ತಲೆಯಾಡಿಸಿ ಅನ್ನಕ್ಕೆ ಕೈ ಹಾಕಿದ.